ಮನೆಯಲ್ಲಿ ಗೊತ್ತಾಗಬಾರದು ಎನ್ನುವವರ ಆಪರೇಷನ್

ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ಕಿನಲ್ಲಿ ಆಪರೇಷನ್‌ಗೆ ಮುಂಚಿನ ಮಾತುಕತೆ ನಡೆಸುವುದು ನಮ್ಮ ಕೆಲಸ. ಖರ್ಚೆಷ್ಟು ಎಂದು ಕೇಳುವುದಕ್ಕೂ ಮೊದಲೇ ಬರುವ ಮಾತೊಂದಿದೆ: "ಮನೇಲಿ ಗೊತ್ತಾಗಬಾರದು ಮೇಡಂ." ಮುಂಬೈಯ ಕನ್ನಡದವರಲ್ಲಿ ಇದು ಇನ್ನೂ ಜೋರು. ಊರು ಎಷ್ಟೇ ದೊಡ್ಡದಿರಲಿ, ನಮ್ಮವರ ವಲಯ ಚಿಕ್ಕದು. ಮಾಟುಂಗದಲ್ಲಿ ಆದದ್ದು ಡೊಂಬಿವಲಿಯ ಪೂಜೆಯಲ್ಲೋ ಮೀರಾ ರೋಡಿನ ಮದುವೆಮನೆಯಲ್ಲೋ ಸುದ್ದಿಯಾಗಲು ವಾರ ಬೇಡ. ಅಲ್ಲಿಂದ ಕುಂದಾಪುರ, ಬೆಳಗಾವಿ ತಲುಪಲು ಒಂದು ಫೋನ್ ಸಾಕು. ಈ ಕೆಲಸ ಕಲಿಸಿದ ಮುಖ್ಯ ಪಾಠ ಇಷ್ಟು: ಜನ ಏನಂದಾರು ಎಂಬ ಭಯ ಆಪರೇಷನ್ ಅನ್ನು ತಡೆಯುವುದು ಅಪರೂಪ. ಆಪರೇಷನ್ ಆದ ರಾತ್ರಿ ಪಕ್ಕದಲ್ಲಿ ಇರಬೇಕಾದವರನ್ನು ಮಾತ್ರ ಅದು ದೂರ ಇಡುತ್ತದೆ. ಆದ್ದರಿಂದ ಗುಟ್ಟನ್ನೂ ಬಿಪಿ, ಶುಗರ್‌ಗಳ ಸಾಲಿನಲ್ಲೇ ಕೇಸ್ ಪೇಪರಿನಲ್ಲಿ ಬರೆದುಕೊಳ್ಳಬೇಕು.

ನಾಚಿಕೆ ಎಲ್ಲ ಆಪರೇಷನ್‌ಗೂ ಒಂದೇ ಥರ ಇರುವುದಿಲ್ಲ. ಭಾರದ ಜುಮುಕಿ ಹಾಕಿ ಹಾಕಿ ಕಿವಿಯ ಹಾಲೆ ಸೀಳಿದವರು ಅತ್ತೆಯನ್ನೋ ನಾದಿನಿಯನ್ನೋ ಕರೆದುಕೊಂಡೇ ಬರುತ್ತಾರೆ. ಅದೂ ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯೇ: ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಸೀಳಿನ ಒಳಗೆ ಬೆಳೆದ ಚರ್ಮ ಕೆರೆದು ತೆಗೆದು ಹೊಲಿಗೆ, ಮುಕ್ಕಾಲು ಗಂಟೆಯೊಳಗೆ ಕೆಲಸ. ಸುಮಾರು 7 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಎರಡು ಮೂರು ತಿಂಗಳು ಬಿಟ್ಟು, ಹಳೆಯ ಕಲೆಯ ಮೇಲಲ್ಲದೆ ಪಕ್ಕದಲ್ಲಿ ಹೊಸದಾಗಿ ಚುಚ್ಚಿಸಬೇಕು. ಕಲೆಯ ಮೇಲೇ ಚುಚ್ಚಿಸಿದರೆ ಮತ್ತೆ ಸೀಳುತ್ತದೆ. ನಮ್ಮ ಕಂದು ಚರ್ಮದಲ್ಲಿ ಗಾಯದ ಕಲೆ ಗಂಟಿನ ಹಾಗೆ ಉಬ್ಬಿ ಬೆಳೆಯುವ ಸಾಧ್ಯತೆ ಹೆಚ್ಚು, ಕಿವಿಯಲ್ಲಂತೂ ಇನ್ನೂ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದೆಯೇ ಎಂದು ಮೊದಲೇ ಕೇಳಬೇಕು. ಈ ಪ್ರಶ್ನೆಗೆ ಅತ್ತೆ ಸೊಸೆ ಇಬ್ಬರೂ ಸೇರಿ ಉತ್ತರ ಕೊಡುತ್ತಾರೆ, ಅಜ್ಜಿಯ ಕಾಲದ ವಿಷಯವನ್ನೂ ನೆನಪಿಸಿಕೊಳ್ಳುತ್ತಾರೆ. ಮೂಗು ತಿದ್ದಿಸಲು ಒಬ್ಬಳೇ ಬಂದ ಹುಡುಗಿಗೆ ಅದೇ ಪ್ರಶ್ನೆ ಕೇಳಿದರೆ "ಗೊತ್ತಿಲ್ಲ" ಎನ್ನುತ್ತಾಳೆ. ಮನೆಯಲ್ಲಿ ಕೇಳುವ ಹಾಗೂ ಇಲ್ಲ.

ಹೋದದ್ದನ್ನು ಮರಳಿ ಪಡೆಯುವುದು ಸರಿ, ಇದ್ದದ್ದನ್ನು ಬದಲಿಸುವುದು ಶೋಕಿ ಎಂಬ ಲೆಕ್ಕ ಇದರ ಹಿಂದಿದೆ. ಸುಟ್ಟ ಗಾಯ, ಸೀಳು ತುಟಿ, ಅಪಘಾತಕ್ಕೆ ಮುಂಬೈಯ ಸಾಯನ್, ಕೆಇಎಂ ಅಥವಾ ಪುಣೆಯ ಸಸೂನ್ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋದವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಇದೆಲ್ಲ ಹೊರಗಿನಿಂದ ಬಂದ ಹುಚ್ಚು ಎನ್ನುವ ಹಿರಿಯರಿಗೆ ಪುಣೆಯ ಹಳೆಯ ಸಂಗತಿಯೊಂದನ್ನು ಹೇಳಬಹುದು. ಟಿಪ್ಪುವಿನ ಸೈನಿಕರು ಮೂಗು ಕೊಯ್ದಿದ್ದ ಕೋವಾಸ್‌ಜಿ ಎಂಬ ಎತ್ತಿನ ಬಂಡಿಯವನಿಗೆ ಪುಣೆಯ ಕಡೆಯ ಕುಶಲಕರ್ಮಿಯೊಬ್ಬ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿಯೇ 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನಲ್ಲಿ ಹಾಗೆಯೇ ಮಾಡಿದ. ವಿದ್ಯೆ ಇಲ್ಲಿಂದ ಹೋದದ್ದು. ಅದಕ್ಕೆ ಅಂಟಿಸಿದ ಮರ್ಯಾದೆ ಅಮರ್ಯಾದೆಗಳ ಲೆಕ್ಕ ಮಾತ್ರ ಇಂದಿಗೂ ಬದಲಾಗಿಲ್ಲ.

ಗುಟ್ಟು ಮೊದಲು ಕೆಡಿಸುವುದು ಮೊದಲ 24 ಗಂಟೆಗಳನ್ನು. ಗಂಡುಮಕ್ಕಳ ಉಬ್ಬಿದ ಎದೆಯ ಆಪರೇಷನ್ ತೆಗೆದುಕೊಳ್ಳಿ, ಗೈನೆಕೊಮಾಸ್ಟಿಯಾ ಎನ್ನುತ್ತಾರಲ್ಲ, ಅದು. ಕಾಲೇಜು ಹುಡುಗರು ರೂಮ್‌ಮೇಟ್‌ಗೂ ಹೇಳದೆ ಬರುತ್ತಾರೆ, ಸಂಜೆ ಲಾಡ್ಜಿನಲ್ಲಿ ಒಬ್ಬರೇ ಮಲಗುವ ಯೋಚನೆ ಇರುತ್ತದೆ. ಗ್ರಂಥಿ ತೆಗೆದ ಜಾಗದಲ್ಲಿ ಸಣ್ಣ ರಕ್ತನಾಳವೊಂದು ಮತ್ತೆ ತೆರೆದುಕೊಂಡರೆ ಒಳಗೇ ರಕ್ತ ತುಂಬುತ್ತದೆ. ಇದು ಹೆಚ್ಚಾಗಿ ಮೊದಲ ದಿನವೇ ಆಗುವುದು. ಎರಡೂ ಕಡೆ ಸಮನಾಗಿ, ಮೆಲ್ಲಗೆ ಬರುವ ಊತ ಸಹಜ. ಅದು ಎರಡು ಮೂರನೆಯ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ. ಒಂದೇ ಕಡೆ, ಒಂದೆರಡು ಗಂಟೆಯೊಳಗೆ, ಬಿಗಿಯಾಗಿ, ಮಾತ್ರೆಗೆ ಬಗ್ಗದ ನೋವಿನೊಡನೆ ಉಬ್ಬಿದರೆ ಆ ಕೂಡಲೇ ಆಸ್ಪತ್ರೆಗೆ ಬರಬೇಕು. ಅರಿವಳಿಕೆಯ ಮಂಪರಿನಲ್ಲಿ, ಬಿಗಿಯಾದ ಪ್ರೆಶರ್ ಜಾಕೆಟ್ ಒಳಗೆ, ಒಬ್ಬನೇ ಮಲಗಿದವನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಪೂರ್ತಿ ಅರಿವಳಿಕೆ ಅಥವಾ ಮಂಪರು ಬರಿಸುವ ಔಷಧ ಕೊಡುವುದಿದ್ದರೆ ಕರೆದೊಯ್ಯಲು, ರಾತ್ರಿ ಜೊತೆಗಿರಲು ಒಬ್ಬ ವಯಸ್ಕರು ಇರಲೇಬೇಕು. ಇಲ್ಲವಾದರೆ ಒಂದು ರಾತ್ರಿ ದಾಖಲು. ಇದರಲ್ಲಿ ರಿಯಾಯಿತಿ ಕೊಡಬಾರದು.

ಹೊಟ್ಟೆಯ ಸಡಿಲ ಚರ್ಮ ತೆಗೆಯುವ ಟಮ್ಮಿ ಟಕ್‌ನಲ್ಲಿ ಗುಟ್ಟು ಸಾಧ್ಯವೇ ಇಲ್ಲ. ಒಳಗಿನ ನೀರು ಹೊರಬರಲು ಡ್ರೇನ್ ನಳಿಕೆ ಇಟ್ಟಿದ್ದರೆ ದಿನಾ ಅಳೆದು ಬರೆಯಬೇಕು. 24 ಗಂಟೆಗೆ ಸುಮಾರು 30 ಎಂಎಲ್‌ಗಿಂತ ಕಡಿಮೆಯಾದ ಮೇಲೆ ತೆಗೆಯುವುದು ರೂಢಿ. ಮೊದಲ ದಿನಗಳಲ್ಲಿ ಸೊಂಟ ಬಗ್ಗಿಸಿಯೇ ನಡೆಯಬೇಕು, ಕೊಡ ಎತ್ತಬಾರದು, ಮಗುವನ್ನೂ ಎತ್ತಬಾರದು. ಒಂದು ಕೋಣೆ, ಒಂದು ಅಡುಗೆಮನೆಯ ಚಾಳಿನಲ್ಲಿ ಐದು ಜನರ ನಡುವೆ ಇದನ್ನು "ಗ್ಯಾಸ್ಟ್ರಿಕ್" ಎಂದು ಸಾಗಿಸಲು ಹೋದವರು ಮೂರನೇ ದಿನಕ್ಕೆ ಕುಕ್ಕರ್ ಎತ್ತುತ್ತಾರೆ, ಹೊಲಿಗೆ ಎಳೆಯುತ್ತದೆ, ನೀರು ತುಂಬುತ್ತದೆ.

ಬಚ್ಚಿಟ್ಟ ಔಷಧಗಳದು ಇನ್ನೊಂದು ಅಧ್ಯಾಯ. "ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ಒಂದೊಂದನ್ನೇ ಹೆಸರು ಹಿಡಿದು ಕೇಳಬೇಕು. ಸಿಗರೇಟು, ಗುಟ್ಕಾ, ಮಾವಾ, ಎಲೆಯ ಜೊತೆಯ ಹೊಗೆಸೊಪ್ಪು. ಸೋಲಾಪುರ, ಬೆಳಗಾವಿ ಕಡೆಯ ಹೆಂಗಸರಲ್ಲಿ ಹಲ್ಲುಜ್ಜುವ ಮಿಶ್ರಿ. ಅದು ಸುಟ್ಟ ತಂಬಾಕಿನ ಪುಡಿ, ಆದರೆ ಅದನ್ನು ತಂಬಾಕು ಎಂದು ಯಾರೂ ಎಣಿಸುವುದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಟಮ್ಮಿ ಟಕ್, ಮುಖದ ಚರ್ಮ ಬಿಗಿಯುವ ಫೇಸ್‌ಲಿಫ್ಟ್ ಥರದವುಗಳಲ್ಲಿ ಎಬ್ಬಿಸಿದ ಚರ್ಮದ ಅಂಚಿಗೆ ರಕ್ತ ಸಿಗದೆ ಅದು ಕಪ್ಪಾಗಿ ಸಾಯಬಹುದು. ಆಪರೇಷನ್‌ಗೆ ಕನಿಷ್ಠ 4 ವಾರ ಮುಂಚೆ ಬಿಡಬೇಕು, ಆದ ಮೇಲೂ 4 ವಾರ ಮುಟ್ಟಬಾರದು. ಜಿಮ್ ಹುಡುಗರು ಸ್ಟಿರಾಯ್ಡ್ ಮುಚ್ಚಿಡುತ್ತಾರೆ. ಅದನ್ನು ಮುಂದುವರಿಸಿದರೆ ತೆಗೆದ ಎದೆಯ ಗ್ರಂಥಿ ಮತ್ತೆ ಬೆಳೆಯಬಹುದು. ಈಗ ಹೊಸದಾಗಿ ಸೇರಿರುವುದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್. ಡಯಟ್ ಮಾಡಿ ಇಳಿದೆ ಎಂದು ಎಲ್ಲರಿಗೂ ಹೇಳಿದವರು ಅರಿವಳಿಕೆ ವೈದ್ಯರಿಗೂ ಅದನ್ನೇ ಹೇಳುತ್ತಾರೆ. ಆ ಔಷಧದಿಂದ ಹೊಟ್ಟೆ ನಿಧಾನ ಖಾಲಿಯಾಗುತ್ತದೆ. 6 ಗಂಟೆ ಉಪವಾಸ ಇದ್ದರೂ ಊಟ ಒಳಗೇ ಉಳಿದು, ಅರಿವಳಿಕೆ ಕೊಟ್ಟಾಗ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿಸುತ್ತದೆ. ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ವಿಟಮಿನ್ ಇ ರಕ್ತಸ್ರಾವ ಹೆಚ್ಚಿಸಬಹುದು. ಹೃದಯಕ್ಕೆಂದು ಕೊಟ್ಟ ಇಕೋಸ್ಪ್ರಿನ್ (ಆಸ್ಪಿರಿನ್) ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಲೇಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ಈ ಪ್ರಶ್ನೆಗಳನ್ನು ಗಂಡ, ತಾಯಿ, ಗೆಳತಿ ಯಾರೂ ಇಲ್ಲದ ಕೋಣೆಯಲ್ಲಿ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ಗುಟ್ಟು ದಿನಗಳ ಲೆಕ್ಕವನ್ನೂ ತಪ್ಪಿಸುತ್ತದೆ. "ಮುಂದಿನ ತಿಂಗಳು ಎಂಗೇಜ್‌ಮೆಂಟ್, ಹುಡುಗನ ಕಡೆಯವರಿಗೆ ಗೊತ್ತಾಗಬಾರದು, ಮೂಗು ಮುಗಿಸಿಬಿಡಿ" ಎನ್ನುವವರಿಗೆ ಕ್ಯಾಲೆಂಡರ್ ತೆಗೆದು ತೋರಿಸಬೇಕು. ಮೂಗನ್ನು ಅಲುಗದಂತೆ ಹಿಡಿದಿಡುವ ಗಟ್ಟಿ ಪಟ್ಟಿ (ಸ್ಪ್ಲಿಂಟ್) ಸುಮಾರು 7 ದಿನ, ಕಣ್ಣಿನ ಸುತ್ತಲ ನೀಲಿ ಎರಡು ವಾರ, ಎಲುಬು ಸರಿಪಡಿಸಿದ್ದರೆ ಕನ್ನಡಕದ ಭಾರ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಬೀಳಬಾರದು. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ. ಅದಕ್ಕೇ ಸರಿಯಾಗಿಲ್ಲ ಅನಿಸಿದರೂ ಎರಡನೇ ಆಪರೇಷನ್‌ಗೆ ವರ್ಷವಾದರೂ ಕಾಯಿಸುತ್ತಾರೆ. ಮದುವೆಗೆ ಆರು ತಿಂಗಳಾದರೂ ಇರಲಿ. ಮದುವೆಯ ಫೋಟೋ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಹೆಚ್ಚಿನವರಿಗೆ ಅವಸರದ ಅರ್ಥಹೀನತೆ ತಾನಾಗಿ ತಿಳಿಯುತ್ತದೆ. ಮುಂಬೈಯಲ್ಲಿ ಇದಕ್ಕೆ ಲೋಕಲ್ ಟ್ರೇನಿನ ಲೆಕ್ಕವೂ ಸೇರಬೇಕು: ದಾದರ್‌ನಲ್ಲಿ ಹತ್ತುವ ನೂಕುನುಗ್ಗಲಲ್ಲಿ ಒಂದು ಮೊಣಕೈ ತಗುಲಿದರೆ ಹೊಸ ಮೂಗು ಸೊಟ್ಟಗಾಗಬಹುದು. ಕೂದಲು ಕಸಿಯಂತೂ ಅಡಗುವುದೇ ಇಲ್ಲ. ಮೊದಲ ಹತ್ತು ದಿನ ತಲೆಯ ಮೇಲೆ ಹಕ್ಕಳೆ, ಆಮೇಲೆ ಎರಡರಿಂದ ಎಂಟು ವಾರದೊಳಗೆ ನೆಟ್ಟ ಕೂದಲು ಬಹುಪಾಲು ಉದುರುತ್ತದೆ, ಬೆಳವಣಿಗೆ ಕಾಣುವುದು ಮೂರು ನಾಲ್ಕು ತಿಂಗಳ ನಂತರ, ಪೂರ್ತಿ ಫಲ ಸಿಗಲು ಒಂದು ವರ್ಷ.

ಊರಿಗೆ ಹೋಗುವ ನೆಪ ಕರಾವಳಿಯವರಲ್ಲಿ ಹೆಚ್ಚು. ಕೊಂಕಣ ರೈಲಿನಲ್ಲಿ ರಾತ್ರಿಯಿಡೀ ಕೂತು ಮಂಗಳೂರಿಗೆ ಹೋಗಿ ಅಲ್ಲಿ ಸುಧಾರಿಸಿಕೊಳ್ಳುತ್ತೇನೆ ಎನ್ನುತ್ತಾರೆ. ಕೊಬ್ಬು ಹೀರಿ ತೆಗೆಯುವ ದೊಡ್ಡ ಲೈಪೋಸಕ್ಷನ್ ಅಥವಾ ಟಮ್ಮಿ ಟಕ್ ಆದವರು ಅಷ್ಟು ಹೊತ್ತು ಕಾಲು ಮಡಚಿ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತು ಬರಬಹುದು. ಮೀನಖಂಡದಲ್ಲಿ ನೋವು, ಒಂದು ಕಾಲು ಊದುವುದು, ದಿಢೀರ್ ಉಸಿರು ಸಿಕ್ಕಿಹಾಕಿಕೊಳ್ಳುವುದು ಇದರ ಗುರುತು. ಪ್ರಯಾಣ ಯಾವಾಗ ಎಂಬುದನ್ನು ಶಸ್ತ್ರವೈದ್ಯರೇ ಹೇಳಲಿ.

ಗುಟ್ಟಿಗಾಗಿ ಜಾಗವನ್ನೇ ತಪ್ಪು ಆರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ದೊಡ್ಡ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆ ಎಂದು ಪಾರ್ಲರಿನ ಮಹಡಿಯ ಕೋಣೆಗೆ ಹೋಗುತ್ತಾರೆ, ಸಂಜೆಯೊಳಗೆ ಮನೆ ಸೇರಬಹುದು ಎಂಬ ಆಸೆಯಿಂದ. ಲೈಪೋಸಕ್ಷನ್‌ನಲ್ಲಿ ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ ಅದನ್ನು ದೊಡ್ಡ ಪ್ರಮಾಣ ಎಂದು ಎಣಿಸಿ, ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡು ನಾಡಿ, ಮೂತ್ರದ ಪ್ರಮಾಣ ನೋಡಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್‌ನ ನಂತರ ತೀರಿಕೊಂಡರು; ಮನೆಯವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ವರದಿಯಾಗಿತ್ತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳಿಗೆ ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬ್ ಅಥವಾ ಕಾರ್ಯಾಗಾರ ನೋಡಿ ಕಲಿತದ್ದು ತರಬೇತಿಯಾಗದು ಎಂದಿತು. ವೈದ್ಯರ ಬೋರ್ಡಿನ ಮೇಲೆ "ಕಾಸ್ಮೆಟಿಕ್ ಸರ್ಜನ್" ಎಂದಿದ್ದರೆ ಸಾಲದು, ಅದು ಪದವಿಯಲ್ಲ. ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಪ್ಲಾಸ್ಟಿಕ್ ಸರ್ಜರಿ ಪದವಿ ಇದೆಯೇ ನೋಡಿ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ. ಅರಿವಳಿಕೆ ಕೊಡುವ ವೈದ್ಯರು ಯಾರು, ಕೊನೆಯವರೆಗೂ ಇರುತ್ತಾರೆಯೇ ಎಂಬುದನ್ನೂ ಕೇಳಬೇಕು. ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬನ್ನಿ.

ದುಡ್ಡಿನ ವಿಷಯ ಚುಟುಕಾಗಿ. ಬರೀ ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಬರುವುದಿಲ್ಲ, ಬಿಲ್ಲಿಗೆ ಜಿಎಸ್‌ಟಿ ಬೀಳುತ್ತದೆ. ಹುಟ್ಟಿನಿಂದ ಬಂದ ದೋಷ, ಗಾಯ, ಅಪಘಾತವಾದರೆ ತೆರಿಗೆ ಇಲ್ಲ. ಮೂಗಿನೊಳಗಿನ ಗೋಡೆ ಸೊಟ್ಟಗಿದ್ದು ಉಸಿರಾಟಕ್ಕೆ ತೊಂದರೆ ಇದ್ದರೆ ಆ ಭಾಗದ ಬಿಲ್ ಬೇರೆ ಮಾಡಿ ವಿಮೆಗೆ ಮೊದಲೇ ಕೇಳಬಹುದು. ಎಲ್ಲವನ್ನೂ ಅದರ ಹೆಸರಿನಲ್ಲೇ ಬರೆದುಕೊಡಿ ಎನ್ನುವುದು ಸುಳ್ಳು ದಾಖಲೆ, ಅದಕ್ಕೆ ಒಪ್ಪಬಾರದು.

ಮಾತುಕತೆಯಲ್ಲಿ ನಾವು ಕೈಗನ್ನಡಿ ಕೊಟ್ಟು ಒಂದೇ ಬೆರಳಿನಿಂದ ತೋರಿಸಲು ಹೇಳುತ್ತೇವೆ. ಮೂಗಿನ ಡುಬ್ಬವನ್ನು ತೋರಿಸಿ "ಇದು" ಎಂದರೆ ಶಸ್ತ್ರವೈದ್ಯರು ಏನು ಮಾಡಬಲ್ಲರು, ಏನು ಆಗದು ಎಂದು ಹೇಳಬಹುದು. "ಇಡೀ ಮುಖವೇ ಸರಿಯಿಲ್ಲ" ಎಂದರೆ ಚಾಕು ಹಿಡಿಯುವ ಮೊದಲು ಬಹಳ ಮಾತಾಡಬೇಕು. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಅದೇ ಯೋಚನೆ, ಮತ್ತೆ ಮತ್ತೆ ಕನ್ನಡಿ, ಕೆಲಸಕ್ಕೆ ಹೋಗದಿರುವುದು, ಬೇರೆಯವರ ಕಣ್ಣಿಗೆ ಕಾಣದ ಊನ, ಈಗಾಗಲೇ ನಾಲ್ಕು ವೈದ್ಯರನ್ನು ಬದಲಿಸಿದ್ದು: ಇಷ್ಟು ಸೇರಿದರೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮನೋವ್ಯಾಧಿ ಇರಬಹುದು. ಅದಕ್ಕೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ. ಆಪರೇಷನ್ ಮಾಡಿದರೆ ಅತೃಪ್ತಿ ಇನ್ನೊಂದು ಅಂಗಕ್ಕೆ ಹೋಗುತ್ತದೆ. ಮನೋವೈದ್ಯರ ಹತ್ತಿರ ಕಳಿಸಿದಾಗ ಸಿಟ್ಟಾಗುತ್ತಾರೆ, ಆದರೂ ಕಳಿಸಲೇಬೇಕು. ಬೇಕು ಎನ್ನುತ್ತಿರುವವರು ಯಾರು ಎಂಬುದನ್ನೂ ತಿಳಿಯಬೇಕು. ತಾಯಿ ಮಾತಾಡುತ್ತಾ ಮಗಳು ನೆಲ ನೋಡುತ್ತಿದ್ದರೆ ಆ ದಿನ ತಾರೀಖು ಕೊಡುವುದಿಲ್ಲ.

ಗುಟ್ಟು ಕಾಪಾಡುವುದು ನಮ್ಮ ಕರ್ತವ್ಯವೂ ಹೌದು. 18 ದಾಟಿದವರ ವಿಷಯ ಗಂಡನಿಗಾಗಲಿ ಅಪ್ಪನಿಗಾಗಲಿ ಅವರ ಅನುಮತಿ ಇಲ್ಲದೆ ಹೇಳುವಂತಿಲ್ಲ. ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಫೋನ್ ಮಾಡಬೇಕು, ವಾಟ್ಸಾಪ್ ಕಳಿಸಬಹುದೇ, ಆ ಫೋನ್ ಇನ್ಯಾರ ಕೈಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕು. ಫೋಟೋಗೆ ಎರಡು ಬೇರೆ ಒಪ್ಪಿಗೆ ಪತ್ರ: ಚಿಕಿತ್ಸೆಯ ದಾಖಲೆಗೆ ಒಂದು, ಇನ್‌ಸ್ಟಾಗ್ರಾಂನಲ್ಲಿ ಹಾಕಲು ಇನ್ನೊಂದು. ಎರಡನೆಯದಕ್ಕೆ ಸಹಿ ಹಾಕದೆ ಮೊದಲನೆಯದಕ್ಕೆ ಮಾತ್ರ ಹಾಕುವ ಹಕ್ಕು ಅವರಿಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಾವು ಕೇಳುವುದು ಒಂದೇ: ಊರಿಗೆಲ್ಲ ಹೇಳುವುದು ಬೇಡ, ಒಬ್ಬರಿಗೆ ಹೇಳಿ. ಅಕ್ಕನೋ, ಆಫೀಸಿನ ಗೆಳತಿಯೋ, ಯಾರಾದರೂ ಸರಿ. ಆದರೆ ನೈತಿಕ ಪಾಠ ಹೇಳುವವರಾಗಿರಬಾರದು. ಮೂರನೇ ದಿನದಿಂದ ವಾರದವರೆಗೆ ಊದಿದ ಮುಖ ನೋಡಿ "ಯಾಕೆ ಮಾಡಿಸಿದೆನೋ" ಎಂಬ ಕುಸಿತ ಬಹಳ ಜನರಿಗೆ ಬರುತ್ತದೆ, ಆಗ "ಇದೆಲ್ಲ ಯಾಕೆ ಬೇಕಿತ್ತು" ಎನ್ನುವವರು ಪಕ್ಕದಲ್ಲಿದ್ದರೆ ಗಾಯಕ್ಕಿಂತ ಅದೇ ಹೆಚ್ಚು ನೋಯಿಸುತ್ತದೆ.

ಆ ಒಬ್ಬರಿಗೆ ಒಂದು ಕಾಗದ ಬರೆದುಕೊಡಬೇಕು. ಊರಿನಿಂದ ಬಂದ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ಕನ್ನಡದಲ್ಲಿ ಒಂದು, ಪಕ್ಕದ ಮನೆಯವರು, ವಾಚ್‌ಮನ್, ಆಂಬುಲೆನ್ಸ್‌ನವರು ಓದಲು ಮರಾಠಿ ಅಥವಾ ಹಿಂದಿಯಲ್ಲಿ ಇನ್ನೊಂದು. ಯಾವ ಆಪರೇಷನ್, ಎಷ್ಟು ಗಂಟೆಗೆ ಆಯಿತು, ಯಾವ ಔಷಧ ಒಗ್ಗುವುದಿಲ್ಲ, ರಕ್ತದ ಗುಂಪು, ಶಸ್ತ್ರವೈದ್ಯರ ಮೊಬೈಲ್, ಹತ್ತಿರದ ಐಸಿಯು ಇರುವ ಆಸ್ಪತ್ರೆ, ಆಂಬುಲೆನ್ಸ್‌ಗೆ 108. ಕೆಳಗೆ ದಪ್ಪ ಅಕ್ಷರದಲ್ಲಿ: ಒಂದೇ ಕಡೆ ಬಿಗಿಯಾದ ಊತ, ನಿಲ್ಲದ ರಕ್ತ, 101 ಡಿಗ್ರಿ ದಾಟಿದ ಜ್ವರ, ಉಸಿರಾಟದ ತೊಂದರೆ, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.