ದಿನಕ್ಕೆ ನಾಲ್ಕು ಸಲ ಗೋದಾಮು ಬಿಟ್ಟುಹೋಗುತ್ತಿದ್ದ ಪ್ಯಾಂಟು

ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ಪ್ರಶ್ನೆ: “ಅಷ್ಟು ದೂರ ಹೋಗಿ ಅಲ್ಲಿ ಏನು ಕೆಲಸ ಮಾಡ್ತೀಯೋ?” “ಸ್ಟಿಕ್ಕರ್ ಅಂಟಿಸ್ತೀನಮ್ಮ” ಅಂತೀನಿ. ನಗ್ತಾಳೆ, ನಂಬೋದಿಲ್ಲ. ಆದರೆ ಅದು ಮುಕ್ಕಾಲು ಪಾಲು ನಿಜ. ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ಅಲೆಯಲ್ಲಿ ತನ್ನ ಗುರುತು ಹೇಳುವ ಚೀಟಿ, ನೋಡೋಕೆ ಸ್ಟಿಕ್ಕರೇ. ಬೆಳಕಿಗೆ ಹಿಡಿದರೆ ಒಳಗೆ ಅಂಕುಡೊಂಕಾದ ಅಲ್ಯೂಮಿನಿಯಂ ಗೆರೆ ಕಾಣುತ್ತದೆ, ಅದು ಆಂಟೆನಾ. ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕೆ, ಅದು ಚಿಪ್. ಬ್ಯಾಟರಿ ಇಲ್ಲ. ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಚೂರು ಶಕ್ತಿ ಹೀರಿಕೊಂಡು ಚಿಪ್ ಎಚ್ಚರಾಗುತ್ತದೆ, ಅದೇ ಅಲೆಯನ್ನು ಏರಿಳಿಸಿ ವಾಪಸ್ ಬಿಡುತ್ತಾ ತನ್ನ ನಂಬರ್ ಹೇಳುತ್ತದೆ. ಕನ್ನಡಿ ಹಿಡಿದು ಬಿಸಿಲಿನಲ್ಲಿ ಸನ್ನೆ ಮಾಡುತ್ತೇವಲ್ಲ, ಹಾಗೆ. ಹೀಗೆ ಮಾತಾಡಲು ಸಾಧ್ಯ ಅಂತ ಎಂಜಿನಿಯರ್ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧ ಬರೆದಿದ್ದ. ಅದಕ್ಕೆ ತಕ್ಕ ಪುಟಾಣಿ ಚಿಪ್ ಬರುವುದಕ್ಕೆ ದಶಕಗಳೇ ಹಿಡಿದವು.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನು ಹಾಕಿದ್ದು ಬಟ್ಟೆ ಗೋದಾಮಿಗೆ. ಬಟ್ಟೆಯಷ್ಟು ಸಲೀಸಾದ ಸಾಮಾನು ಇನ್ನೊಂದಿಲ್ಲ. ಡಬ್ಬ ಬಿಚ್ಚುವುದೇ ಬೇಡ, ಬಾಗಿಲ ಎರಡೂ ಪಕ್ಕ ಆಂಟೆನಾ ಹೂಡಿದರೆ ಗಾಡಿ ದಾಟುವಷ್ಟರಲ್ಲಿ ನೂರಾರು ಬಟ್ಟೆ ಎಣಿಸಿ ಆಗಿರುತ್ತದೆ. ಮಾಮೂಲಿ ಬಾರ್‌ಕೋಡ್ ‘ಇದು ನೀಲಿ ಅಂಗಿ’ ಅನ್ನುತ್ತದೆ ಅಷ್ಟೇ. ಟ್ಯಾಗ್ ‘ಇದು ಇದೇ ನೀಲಿ ಅಂಗಿ’ ಅನ್ನುತ್ತದೆ, ಪ್ರತಿಯೊಂದಕ್ಕೂ ಬೇರೆ ನಂಬರ್.

ಆ ನಂಬರೇ ನಮ್ಮನ್ನು ಮರುಳು ಮಾಡಿದ್ದು. ಬಾಗಿಲು ಹೂಡಿ ಎರಡನೇ ವಾರ. ಲೆಕ್ಕದಲ್ಲಿ ಆಗಾಗ ಒಂದು ಪ್ಯಾಂಟು ಹೆಚ್ಚು. ಯಾವುದದು ಅಂತ ನೋಡಿದರೆ ಪ್ರತಿ ಸಲವೂ ಅದೇ ನಂಬರ್. ಒಂದೇ ಪ್ಯಾಂಟು ದಿನಕ್ಕೆ ಮೂರು ನಾಲ್ಕು ಸಲ ಗೋದಾಮು ಬಿಟ್ಟು ಹೋಗುತ್ತಿದೆ, ಒಂದು ಸಲವೂ ಒಳಗೆ ಬರುತ್ತಿಲ್ಲ! ಪಕ್ಕದ ಸಾಲಿನಲ್ಲಿರುವ ಟ್ಯಾಗಿನ ಅಲೆ ಶಟರ್‌ಗೆ ಬಡಿದು ಇಲ್ಲಿ ಕೇಳಿಸುತ್ತಿರಬೇಕು ಅಂದುಕೊಂಡು ಆಂಟೆನಾ ತಿರುಗಿಸಿದೆ, ಪವರ್ ಇಳಿಸಿದೆ. ಏನೂ ಉಪಯೋಗವಾಗಲಿಲ್ಲ.

ಬಟ್ಟೆ ಬಿಟ್ಟು ಬೇರೆ ದಂಧೆಗೆ ಹೋದರೆ ಆಟವೇ ಬೇರೆ. ಗೋದಾಮಿನ ಟ್ಯಾಗ್‌ಗಳು ಕೆಲಸ ಮಾಡುವುದು 860ರಿಂದ 960 ಮೆಗಾಹರ್ಟ್ಸ್‌ನಲ್ಲಿ. ಈ ಅಲೆಯನ್ನು ನೀರು ಕುಡಿದುಬಿಡುತ್ತದೆ, ಲೋಹ ಒದ್ದು ಓಡಿಸುತ್ತದೆ. ಹೊಸ ಗಿರಾಕಿಗೆ ನಾನು ಮೊದಲು ತೋರಿಸುವುದೇ ಇದನ್ನು. ಟ್ಯಾಗನ್ನು ಎರಡು ಬೆರಳಲ್ಲಿ ಹಿಡಿದರೆ ರೀಡರ್ ಕೀಂಯ್‌ಗುಟ್ಟುತ್ತದೆ, ಅಂಗೈಯೊಳಗೆ ಮುಚ್ಚಿಟ್ಟರೆ ಮೌನ. ನಮ್ಮ ಮೈಯೂ ಹೆಚ್ಚು ಪಾಲು ನೀರೇ ತಾನೆ. 2003ರಲ್ಲಿ ವಾಲ್‌ಮಾರ್ಟ್, 2005ರ ಜನವರಿಯೊಳಗೆ ಟ್ಯಾಗ್ ಹಾಕಿಯೇ ಮಾಲು ಕಳಿಸಬೇಕು ಅಂತ ದೊಡ್ಡ ಸರಬರಾಜುದಾರರಿಗೆಲ್ಲ ಹೇಳಿದಾಗ ತುಂಬಾ ಜನ ಎಡವಿದ್ದು ಇಂಥದ್ದರಲ್ಲೇ. ಡಬ್ಬದೊಳಗೆ ಟಿನ್ನೋ ಬಾಟಲಿಯೋ ಇದ್ದರೆ ಟ್ಯಾಗ್ ಬಾಯಿ ಬಿಡುವುದಿಲ್ಲ.

ಹಾಗಾಗಿ ಒಂದೊಂದು ಕಸುಬಿಗೆ ಒಂದೊಂದು ಟ್ಯಾಗ್. ದನದ ಕಿವಿಗೆ ಹಾಕುವ ಓಲೆ 134.2 ಕಿಲೋಹರ್ಟ್ಸ್‌ನದ್ದು, ಮೈಯ ನೀರು ಅದಕ್ಕೆ ಲೆಕ್ಕಕ್ಕಿಲ್ಲ, ಆದರೆ ಕೋಲಿನ ತುದಿಯ ರೀಡರ್ ಹಿಡಿದು ಕಿವಿಯ ಹತ್ತಿರ ಹೋಗಲೇಬೇಕು, ಒದೆ ತಿನ್ನುವ ಧೈರ್ಯವೂ ಬೇಕು. ರಕ್ತದ ಚೀಲಕ್ಕೆ, ಲೈಬ್ರರಿ ಪುಸ್ತಕಕ್ಕೆ 13.56 ಮೆಗಾಹರ್ಟ್ಸ್. ಕಬ್ಬಿಣದ ಹತಾರಕ್ಕೆ ದಪ್ಪನೆಯ ಟ್ಯಾಗ್, ಲೋಹಕ್ಕೂ ಆಂಟೆನಾಕ್ಕೂ ನಡುವೆ ಸ್ವಲ್ಪ ಅಂತರ ಸಿಗಲಿ ಅಂತ. ಆಸ್ಪತ್ರೆ ಹಾಸುಬಟ್ಟೆಗೆ ಹೊಲಿಯುವ ಟ್ಯಾಗಂತೂ ನನ್ನ ಮೆಚ್ಚಿನದು: ಬಿಸಿನೀರು, ಸೋಪು, ಇಸ್ತ್ರಿ ಯಂತ್ರದ ಒತ್ತಡ ಎಲ್ಲ ತಿಂದು 200 ಸಲ ಒಗೆದರೂ ಬದುಕಿರಬೇಕು. ವಿಮಾನದ ಲಗೇಜಿಗೆ ಅಮೆರಿಕದ ಡೆಲ್ಟಾ ಏರ್‌ಲೈನ್ಸ್ 2016ರಿಂದ ಹಾಕುತ್ತಿದೆ. ಮ್ಯಾರಥಾನ್ ಓಟಗಾರರ ಎದೆಯ ಚೀಟಿಯ ಹಿಂದೆ ತೆಳ್ಳನೆಯ ಫೋಮ್ ಪಟ್ಟಿ ಇರುತ್ತದೆ. ಮೆತ್ತಗಿರಲಿ ಅಂತಲ್ಲ, ಬೆವರು ಮೈಯಿಂದ ಟ್ಯಾಗನ್ನು ಚೂರು ದೂರ ಇಡುವುದಕ್ಕೆ.

ಆ ಫೋಮ್ ನೋಡುವಾಗಲೇ ನನಗೆ ಪ್ಯಾಂಟು ಹೊಳೆದದ್ದು. ಮರುದಿನ ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಲೋಡಿಂಗ್ ಮಾಡುವ ಹುಡುಗನೊಬ್ಬ ಖಾಲಿ ಕೈಯಲ್ಲಿ ಹತ್ತು ಸಲ ದಾಟಿದ, ಪರದೆ ಸುಮ್ಮನಿತ್ತು. ಭಾರದ ಗಾಡಿ ಬಗ್ಗಿ ತಳ್ಳಿದ, ಒಂದು ಪ್ಯಾಂಟು ಹೆಚ್ಚು! ಅದೇ ಕಂಪನಿಯ ಪ್ಯಾಂಟನ್ನು ಅವನು ಅಂಗಡಿಯಲ್ಲಿ ಕೊಂಡಿದ್ದ, ಸೊಂಟಪಟ್ಟಿಯ ಹಿಂದೆ ಹೊಲಿದ, ಟ್ಯಾಗ್ ಇರುವ ಲೇಬಲ್ಲು ಹಾಗೇ ಇತ್ತು. ನೆಟ್ಟಗಿದ್ದಾಗ ಅವನ ಬೆನ್ನು ಅಲೆಯನ್ನು ಕುಡಿದುಬಿಡುತ್ತಿತ್ತು. ಬಗ್ಗಿದಾಗ ಪಟ್ಟಿ ಒಂದು ಬೆರಳಷ್ಟು ಹಿಂದೆ ಸರಿದು ಟ್ಯಾಗಿಗೆ ಉಸಿರು ಬರುತ್ತಿತ್ತು. ಬಿಲ್ ಮಾಡುವಾಗ ಟ್ಯಾಗನ್ನು ಶಾಶ್ವತವಾಗಿ ಕೊಂದುಬಿಡುವ ಆಜ್ಞೆ ಈ ಚಿಪ್‌ಗಳಲ್ಲಿ ಮೊದಲಿನಿಂದ ಇದೆ. ಆದರೆ ಅದನ್ನು ಬಳಸುವ ತೊಂದರೆ ಯಾರು ತಗೊಳ್ತಾರೆ? ಉಟ್ಟ ಬಟ್ಟೆ ನಾವು ಹೋದಲ್ಲೆಲ್ಲ ತನ್ನ ನಂಬರ್ ಹೇಳುತ್ತಾ ತಿರುಗುವುದು ನನಗಂತೂ ಹಿಡಿಸುವುದಿಲ್ಲ. ಹೊಸ ಬಟ್ಟೆ ತಂದ ದಿನವೇ ಕತ್ತರಿ ಹುಡುಕುತ್ತೇನೆ.

ಹುಡುಗ ನಗುತ್ತಾ ಲೇಬಲ್ ಕತ್ತರಿಸಿ ನನ್ನ ಕೈಗಿಟ್ಟ. ಈಗದು ನನ್ನ ಟೂಲ್ ಬ್ಯಾಗಿನಲ್ಲಿದೆ. ಎಲ್ಲೇ ಹೊಸ ಬಾಗಿಲು ಹೂಡಿದರೂ ಮೊದಲು ಅದನ್ನೇ ಎರಡು ಬೆರಳಲ್ಲಿ ಎತ್ತಿ ಹಿಡಿದು ದಾಟುತ್ತೇನೆ.