ಹತ್ತು ಐವತ್ತೊಂಬತ್ತರವರೆಗೆ

2019ರ ಮೇ 29, ಬುಧವಾರ. ಅಮೆರಿಕದ ನಡುಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದ ನಾನು, ಬೇಸಗೆಯ ತಿಂಗಳುಗಳಲ್ಲಿ ಖರ್ಚಿಗೆ ಒದಗಲೆಂದು, ಅಲ್ಲಿನ ಕ್ರೀಡಾ ವಿಭಾಗದ ಆಟಗಾರ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವ ಟ್ಯೂಟರ್ ಕೆಲಸ ಮಾಡುತ್ತಿದ್ದೆ. ಆ ಸಂಜೆ ಏಳು ಗಂಟೆಗೆ ನನ್ನೆದುರು ಬಂದು ಕುಳಿತವನು ಇಪ್ಪತ್ತು ವರ್ಷದ ಬಾಸ್ಕೆಟ್‌ಬಾಲ್ ಆಟಗಾರ. ಎರಡನೆಯ ವರ್ಷದ ವಿದ್ಯಾರ್ಥಿ, ತಂಡದಲ್ಲಿ ಗಾರ್ಡ್. ವಸಂತದ ಸೆಮಿಸ್ಟರ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಸಂಖ್ಯಾಶಾಸ್ತ್ರದ ಕೋರ್ಸನ್ನು ಪೂರ್ಣಗೊಳಿಸುವುದಕ್ಕಾಗಿ ಅವನು ವಾರಕ್ಕೆ ಮೂರು ದಿನ ಬರುತ್ತಿದ್ದ. ಅಂದು ಅವನು ಪುಸ್ತಕ ತೆರೆಯಲಿಲ್ಲ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎಂದು ಹೆಸರು. ಆ ಡ್ರಾಫ್ಟ್‌ಗೆ ಕೊಟ್ಟಿದ್ದ ಹೆಸರನ್ನು ಹಿಂದಕ್ಕೆ ಪಡೆದು ಕಾಲೇಜಿನ ಆಟಕ್ಕೆ ಮರಳಲು ಇದ್ದ ಗಡುವು ಪೂರ್ವ ಕಾಲಮಾನದ ಪ್ರಕಾರ ಅಂದು ರಾತ್ರಿ 11 ಗಂಟೆ 59 ನಿಮಿಷಕ್ಕೆ, ನಮ್ಮ ಊರಿನ ಗಡಿಯಾರದಲ್ಲಿ 10 ಗಂಟೆ 59 ನಿಮಿಷಕ್ಕೆ, ಮುಗಿಯುತ್ತಿತ್ತು.

ಈ ಗಡುವಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಹೆಸರು ವಾಪಸು ಪಡೆಯುವವನು ಅದನ್ನು ಬರೆದು ಕಳಿಸಬೇಕು. ಡ್ರಾಫ್ಟ್‌ನಲ್ಲಿ ಉಳಿಯುವವನು ಏನನ್ನೂ ಮಾಡಬೇಕಾಗಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕು, ಗಂಟೆ ಕಳೆದೊಡನೆ ಅವನ ಕಾಲೇಜು ಆಟ ಮುಗಿದಂತೆ. ಆ ವರ್ಷ ಅವಧಿಗೆ ಮುನ್ನವೇ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 233 ಮಂದಿ. ಅವರಲ್ಲಿ 175 ಮಂದಿ ಅಮೆರಿಕದ ಕಾಲೇಜುಗಳಲ್ಲಿ ಆಡುತ್ತಿದ್ದವರು. ಓದು ಮುಗಿಸಿದವರೂ ಸೇರಿದಂತೆ ಎಲ್ಲರಿಗೂ ಇದ್ದ ಸ್ಥಾನಗಳು 60 ಮಾತ್ರ. ಮೊದಲ ಸುತ್ತಿನ 30ರೊಳಗೆ ಬಂದವರಿಗೆ ಖಾತರಿಯ ಒಪ್ಪಂದ, ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮಿಗಿಲಾದ ಸಂಬಳ. ಎರಡನೆಯ ಸುತ್ತಿನವರಿಗೆ ಯಾವ ಖಾತರಿಯೂ ಇಲ್ಲ. ಆಯ್ಕೆಯಾಗದವರಿಗೆ ಕಿರಿಯ ಹಂತದ ಜಿ ಲೀಗ್ ಇದೆ. ಅಲ್ಲಿ ಐದು ತಿಂಗಳ ಋತುವಿಗೆ ಆಗ 35,000 ಡಾಲರ್ ಕೊಡುತ್ತಿದ್ದರು. ಕಾಲೇಜಿನಲ್ಲೇ ಉಳಿದರೆ ಬೋಧನಾ ಶುಲ್ಕ, ಊಟ, ವಸತಿ ಎಲ್ಲವೂ ಉಚಿತ. ಸಂಬಳ ಮಾತ್ರ ಆಗ ಇರಲಿಲ್ಲ.

ಎನ್‌ಬಿಎಯ ಸಲಹಾ ಸಮಿತಿ ಅವನ ಆಟವನ್ನು ತೂಗಿ ಅಭಿಪ್ರಾಯ ಕಳಿಸಿತ್ತು: ಮೊದಲ ಸುತ್ತು ಕಷ್ಟ, ಎರಡನೆಯದು ಸಾಧ್ಯ, ಯಾರೂ ಆರಿಸದೆ ಹೋಗುವುದಕ್ಕೂ ಸಿದ್ಧನಿರಬೇಕು. ಶಿಕಾಗೋದಲ್ಲಿ ಆ ತಿಂಗಳು ನಡೆದ ಪರೀಕ್ಷಾ ಶಿಬಿರಕ್ಕೆ ಅವನಿಗೆ ಕರೆ ಬಂದಿರಲಿಲ್ಲ. ಮೂರು ತಂಡಗಳು ಮಾತ್ರ ಪ್ರತ್ಯೇಕವಾಗಿ ಕರೆಸಿ ಆಡಿಸಿ ನೋಡಿದ್ದವು. ಕೋಚ್ ಒಂದು ಹೇಳಿದರೆ ಏಜೆಂಟ್ ಇನ್ನೊಂದು ಹೇಳಿದ್ದ. "ಅವರಿಬ್ಬರಿಗೂ ನನ್ನಿಂದ ಏನೋ ಬೇಕು. ನಿಮಗೆ ಏನೂ ಬೇಕಿಲ್ಲ. ನಿರೀಕ್ಷಿತ ಮೌಲ್ಯದ ಲೆಕ್ಕವನ್ನು ನನ್ನದೇ ವಿಷಯಕ್ಕೆ ಹಾಕಿ ತೋರಿಸಿ," ಎಂದ.

ನನಗೂ ಏನೋ ಬೇಕಾಗಿತ್ತು ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಮಂಡ್ಯ ಜಿಲ್ಲೆಯ ಹಳ್ಳಿಯ ಪ್ರಾಥಮಿಕ ಶಾಲಾ ಮೇಷ್ಟರ ಮಗ ನಾನು. ಓದಿನ ಏಣಿಯೊಂದನ್ನೇ ನಂಬಿ ಹತ್ತಿ ಬಂದವನು. ಅವನು ಪದವಿ ಮುಗಿಸಲಿ ಎಂಬ ಆಸೆ, ಅವನು ಬಾಯಿ ತೆರೆಯುವುದಕ್ಕೆ ಮೊದಲೇ ನನ್ನೊಳಗೆ ಸಿದ್ಧವಾಗಿತ್ತು.

ವೈಟ್‌ಬೋರ್ಡಿನ ಮೇಲೆ ಲೆಕ್ಕ ಬರೆದೆವು. ನೂರರಲ್ಲಿ ಐದು ಪಾಲು ಮೊದಲ ಸುತ್ತು, ಇಪ್ಪತ್ತೈದು ಪಾಲು ಎರಡನೆಯದು, ಆ ಇಪ್ಪತ್ತೈದರಲ್ಲಿ ಅರ್ಧದಷ್ಟು ಸಲ ನಿಜವಾದ ಒಪ್ಪಂದ, ಉಳಿದದ್ದೆಲ್ಲ ಜಿ ಲೀಗ್ ಎಂದು ನಾವೇ ಊಹಿಸಿಕೊಂಡ ಅಂಕಿಗಳು. ಗುಣಿಸಿ ಕೂಡಿದಾಗ ಮೊದಲ ವರ್ಷದ ನಿರೀಕ್ಷಿತ ಗಳಿಕೆ ಸುಮಾರು 2,20,000 ಡಾಲರ್ ಎಂದು ಬಂತು. ಅವನ ಮುಖ ಅರಳಿತು. ಆಗ ನಾನು ನನ್ನ ಕಸುಬಿನ ಮಾತನ್ನು ಹೇಳಬೇಕಾಯಿತು: ಈ ಮೊತ್ತವನ್ನು ಯಾರೂ ನಿನ್ನ ಕೈಗೆ ಕೊಡುವುದಿಲ್ಲ, ಇದು ನಿನ್ನಂಥ ನೂರು ಜನರ ಸರಾಸರಿ, ಆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಸಿಗುವುದು 35,000 ಮಾತ್ರ. ಅವನು ಬಹಳ ಹೊತ್ತು ಬೋರ್ಡನ್ನೇ ನೋಡಿ, "ಹಾಗಾದರೆ ಉಳಿಯುವುದರ ಲೆಕ್ಕವನ್ನೂ ಹೀಗೆಯೇ ಬರೆಯಿರಿ," ಎಂದ.

ಅಲ್ಲಿ ನಾನು ತಡವರಿಸಿದೆ. ಒಂದು ವರ್ಷ ಉಳಿದರೆ ಆಟ ಪಕ್ವವಾಗುತ್ತದೆ, ಬೆಲೆ ಏರುತ್ತದೆ ಎಂದು ನಾನು ಸಹಜವಾಗಿಯೇ ಭಾವಿಸಿದ್ದೆ. ಅವನು ಶಾಂತವಾಗಿ ತಿದ್ದಿದ. "ನೀವು ಓದಿದಷ್ಟೂ ನಿಮ್ಮ ಬೆಲೆ ಏರುತ್ತದೆ. ನಮ್ಮಲ್ಲಿ ವಯಸ್ಸು ಕಡಿಮೆಯಿದ್ದಷ್ಟೂ ಬೆಲೆ. ಇಪ್ಪತ್ತರ ಹುಡುಗ ಮುಂದೆ ಏನಾಗಬಹುದು ಎಂಬುದಕ್ಕೆ ಅವರು ಹಣ ಕೊಡುತ್ತಾರೆ. ಇಪ್ಪತ್ತೆರಡಕ್ಕೆ ಅವನು ಏನಾಗಿದ್ದಾನೆ ಎಂಬುದನ್ನು ನೋಡುತ್ತಾರೆ." ಓಹಾಯೋ ಸ್ಟೇಟ್‌ನ ಜ್ಯಾರೆಡ್ ಸಲಿಂಜರ್ 2011ರಲ್ಲಿ ಮೊದಲ ಕೆಲವೇ ಸ್ಥಾನಗಳೊಳಗೆ ಹೋಗಬಹುದಾಗಿದ್ದವನು ಇನ್ನೊಂದು ವರ್ಷ ಉಳಿದ, ಬೆನ್ನಿನ ತೊಂದರೆಯ ಮಾತೆದ್ದು 2012ರಲ್ಲಿ 21ನೆಯ ಸ್ಥಾನಕ್ಕೆ ಇಳಿದ. ಓಕ್ಲಹೋಮದ ಬಡ್ಡಿ ಹೀಲ್ಡ್ ನಾಲ್ಕೂ ವರ್ಷ ಉಳಿದು 2016ರಲ್ಲಿ 6ನೆಯವನಾಗಿ ಆಯ್ಕೆಯಾದ. ನಮ್ಮೂರಿನಲ್ಲಿ ಮಳೆ ನಕ್ಷತ್ರಗಳನ್ನು ಲೆಕ್ಕ ಹಾಕುವ ರೈತರ ಹಾಗೆ ಈ ಹುಡುಗ ಇಂಥ ಎರಡೂ ಬಗೆಯ ಉದಾಹರಣೆಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ. ಹೈಸ್ಕೂಲಿನಲ್ಲಿ ಅವನ ಎಡಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ಫೆಬ್ರುವರಿಯಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಝಯಾನ್ ವಿಲಿಯಮ್‌ಸನ್ ಪಂದ್ಯ ಶುರುವಾಗಿ ಒಂದು ನಿಮಿಷವೂ ಆಗುವ ಮೊದಲು ಕಾಲಿನ ಶೂ ಸಿಡಿದು ಮಂಡಿ ಹಿಡಿದುಕೊಂಡು ಕುಸಿದದ್ದನ್ನು ದೇಶವೇ ನೋಡಿತ್ತು. ಒಂದು ಡಾಲರ್ ಸಂಬಳವಿಲ್ಲದೆ ಆಡುತ್ತಿರುವಾಗ ಮಂಡಿ ಹೋದರೆ ಏನು ಗತಿ ಎಂಬ ಪ್ರಶ್ನೆ ಅಂದಿನಿಂದ ಎಲ್ಲ ಕಾಲೇಜು ಆಟಗಾರರ ಬಾಯಲ್ಲೂ ಇತ್ತು.

ಪದವಿಯನ್ನು ಆಮೇಲೂ ಪಡೆಯಬಹುದಲ್ಲ ಎಂದು ಅವನೇ ವಿನ್ಸ್ ಕಾರ್ಟರ್‌ನ ಪ್ರಸಂಗವನ್ನು ನೆನಪಿಸಿದ. 1998ರಲ್ಲಿ ಒಂದು ವರ್ಷ ಮುಂಚೆಯೇ ಕಾಲೇಜು ಬಿಟ್ಟು ಎನ್‌ಬಿಎಯ ಟೊರಾಂಟೊ ತಂಡ ಸೇರಿದ ಕಾರ್ಟರ್, 2001ರ ಮೇ 20ರ ಬೆಳಿಗ್ಗೆ ಚಾಪೆಲ್ ಹಿಲ್‌ನಲ್ಲಿ ತನ್ನ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಪಾಲ್ಗೊಂಡು, ಅಂದೇ ಫಿಲಡೆಲ್ಫಿಯಾಕ್ಕೆ ಹಾರಿ, ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನಾಡಿದ. ಕೊನೆಯ ಕ್ಷಣದಲ್ಲಿ ಅವನೆಸೆದ ಚೆಂಡು ಬುಟ್ಟಿಗೆ ಬೀಳದೆ ಟೊರಾಂಟೊ ಒಂದೇ ಅಂಕದಿಂದ ಸೋತಿತು; ಘಟಿಕೋತ್ಸವಕ್ಕೆ ಹೋದದ್ದೇ ತಪ್ಪೆಂದು ಅನೇಕರು ದೂರಿದರು. ಆ ದೂರು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಉಳಿಯಲಾಗದಿರುವ ಕಾರಣಗಳನ್ನು ಪಟ್ಟಿ ಮಾಡು ಎಂದಾಗ ಅವನು ಬೋರ್ಡಿನ ಮೇಲೆ ಮೊದಲು ಬರೆದದ್ದು "ಅಮ್ಮನ ರಾತ್ರಿ ಪಾಳಿ" ಎಂದು. ಅವನ ತಾಯಿ ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿಯ ಸಹಾಯಕಿ. ಅವನ ಹಿಂದೆ ಇಬ್ಬರು ಚಿಕ್ಕವರು. ಅವಧಿಗೆ ಮೊದಲು ವೃತ್ತಿಪರನಾಗುವ ಹಕ್ಕಿನ ಚರಿತ್ರೆಯೇ ಇಂಥ ತಾಯಂದಿರಿಂದ ಶುರುವಾಗುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಹೈಸ್ಕೂಲು ಮುಗಿಸಿ ನಾಲ್ಕು ವರ್ಷವಾಗದೆ ಎನ್‌ಬಿಎಯಲ್ಲಿ ಆಡಕೂಡದೆಂಬ ನಿಯಮವನ್ನು ಪ್ರಶ್ನಿಸಿದ ಸ್ಪೆನ್ಸರ್ ಹೇವುಡ್, ಮಿಸಿಸಿಪಿಯಲ್ಲಿ ಹತ್ತಿ ಬಿಡಿಸುತ್ತಿದ್ದ ತಾಯಿಯ ಮಗ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರವಾಗಿ ನಿಂತಿತು. ಅದರ ಬೆನ್ನಿಗೆ ಕೆಲವು ವರ್ಷ, ಮನೆಯ ಕಷ್ಟವನ್ನು ರುಜುವಾತು ಮಾಡಿದವರಿಗೆ ಮಾತ್ರ ಬೇಗ ಹೋಗಲು ಅವಕಾಶವಿತ್ತು. ಇಪ್ಪತ್ತರ ಹುಡುಗನೊಬ್ಬ ತನ್ನ ಮನೆಯ ಬಡತನಕ್ಕೆ ಕಾಗದ ಪತ್ರ ಒದಗಿಸಬೇಕಾಗಿದ್ದ ಆ ಕಾಲವನ್ನು ನೆನೆದರೆ ಮನಸ್ಸು ಕಲಕುತ್ತದೆ.

ಒಂಬತ್ತು ಗಂಟೆಯ ಹೊತ್ತಿಗೆ, ಪಾಳಿಗೆ ಹೊರಡುವ ಮುನ್ನ, ಅವನ ತಾಯಿ ಫೋನ್ ಮಾಡಿದರು. ಅವನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ನಾನು ಎದ್ದುಹೋಗಲು ನೋಡಿದರೆ ಬೇಡವೆಂದು ಸನ್ನೆ ಮಾಡಿದ. ಬೋರ್ಡಿನ ಮೇಲಿದ್ದುದನ್ನು ಒಂದೊಂದಾಗಿ ಓದಿ ಹೇಳಿದ. ಮೊದಲ ಸಾಲಿಗೇ ಆಕೆ ತಡೆದರು. "ಅದನ್ನು ಅಳಿಸು ಮಗು. ಈ ಪಾಳಿ ನನ್ನದು, ನಿನ್ನದಲ್ಲ. ಅದನ್ನು ತೆಗೆದ ಮೇಲೂ ನಿನಗೆ ಹೋಗಬೇಕು ಅನ್ನಿಸಿದರೆ ಹೋಗು." ಅವನು ಎದ್ದು ಅಂಗೈಯಿಂದಲೇ ಆ ಸಾಲನ್ನು ಒರೆಸಿದ. ಕೈಗೆಲ್ಲ ನೀಲಿ ಬಣ್ಣ ಹತ್ತಿತು. ಉಳಿದ ಸಾಲುಗಳನ್ನು ಅವನು ಮತ್ತೆ ಮೊದಲಿಂದ ಓದಿಕೊಳ್ಳತೊಡಗಿದಾಗ ನಾನು ಕಿಟಕಿಯ ಕಡೆ ತಿರುಗಿದೆ, ಏಕೆಂದರೆ ನನಗೆ 2008ರ ಮೈಸೂರು ನೆನಪಾಗಿತ್ತು.

ಆಗ ನಾನು ಎರಡನೆಯ ವರ್ಷದ ಬಿ.ಎಸ್ಸಿ. ಕಾಲೇಜು ತಂಡದಲ್ಲಿ ನಾನೂ ಗಾರ್ಡ್. ವಿಶ್ವವಿದ್ಯಾಲಯದ ತಂಡಕ್ಕೂ ಆಡಿದ್ದೆ. ರೈಲ್ವೆಯ ಕ್ರೀಡಾ ಕೋಟಾದ ಟ್ರಯಲ್ಸ್‌ಗೆಂದು ಗೆಳೆಯನೊಂದಿಗೆ ಹುಬ್ಬಳ್ಳಿಗೆ ಹೋಗಿ ಬಂದೆ. ಇಬ್ಬರಿಗೂ ಕರೆ ಬಂತು. ಅಮೆರಿಕದ ಹುಡುಗನ ದಾರಿಗೂ ನಮ್ಮ ಆ ದಾರಿಗೂ ಅಜಗಜಾಂತರವಿದೆ: ಅವನ ಮಂಡಿ ಹೋದರೆ ಎಲ್ಲವೂ ಹೋಗುತ್ತದೆ, ನಮ್ಮ ಮಂಡಿ ಹೋದರೂ ರೈಲ್ವೆಯ ಕೆಲಸ ಉಳಿಯುತ್ತದೆ. ಆದರೂ ತಂದೆಯವರು ಆ ಪತ್ರವನ್ನು ಓದಿ ಮಡಿಸಿಟ್ಟು, "ಮೊದಲು ಡಿಗ್ರಿ," ಎಂದಷ್ಟೇ ಹೇಳಿದರು. ಮಾತು ಅಲ್ಲಿಗೇ ನಿಂತಿತು. ಗೆಳೆಯ ಕೆಲಸಕ್ಕೆ ಸೇರಿದ, ವರ್ಷಗಟ್ಟಲೆ ಆಡಿದ. ನಾನು ಎಂ.ಎಸ್ಸಿ.ಗೆ ಬರುವಷ್ಟರಲ್ಲಿ ಚೆಂಡು ಮುಟ್ಟುವುದನ್ನೇ ಬಿಟ್ಟಿದ್ದೆ.

ಇದನ್ನೆಲ್ಲ ಅವನಿಗೆ ಹೇಳಿದೆ. ಪಶ್ಚಾತ್ತಾಪವಿದೆಯೇ ಎಂದು ಕೇಳಿದ. ಓದಿನ ಬಗ್ಗೆ ಇಲ್ಲ, ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂಬುದಕ್ಕೆ ಇದೆ ಎಂದೆ. ಅಷ್ಟು ಹೇಳಿದ ಮೇಲೆ ಪದವಿ ಮುಗಿಸು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಹತ್ತು ಗಂಟೆಗೆ ಕಟ್ಟಡ ಮುಚ್ಚಿದರು. ಹೊರಗೆ ಮಳೆ ಹಿಡಿದಿತ್ತು. ಟ್ಯೂಟರ್ ಆದವನು ಆಟಗಾರನಿಗೆ ಒಂದು ಲೋಟ ಕಾಫಿ ಕೊಡಿಸುವಂತಿರಲಿಲ್ಲ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುವಂತಿರಲಿಲ್ಲ. ಅದು ಅಕ್ರಮ ಲಾಭವೆನಿಸಿಕೊಂಡು ಅವನ ಆಟಕ್ಕೇ ಕುತ್ತು ಬರುತ್ತದೆ ಎಂದು ಕೆಲಸಕ್ಕೆ ಸೇರಿದ ದಿನವೇ ನಮಗೆ ಬರೆದು ಕೊಟ್ಟಿದ್ದರು. ಕೋಟಿಗಟ್ಟಲೆ ಹಣ ಓಡಾಡುವ ಆ ಆಟದಲ್ಲಿ ಒಂದು ಲೋಟ ಕಾಫಿ ನಿಷಿದ್ಧವಾಗಿದ್ದುದನ್ನು ನಾನು ಎಂದೂ ಒಪ್ಪಲಿಲ್ಲ. ಇಬ್ಬರೂ ಸೂರಿನ ಕೆಳಗೆ ಮೆಟ್ಟಿಲ ಮೇಲೆ ಕುಳಿತೆವು. ಕಳಿಸಬೇಕಾದ ಇಮೇಲ್ ಅವನ ಫೋನಿನಲ್ಲಿ ಬರೆದು ಸಿದ್ಧವಾಗಿತ್ತು. ಹತ್ತೂವರೆಗೆ ಒಮ್ಮೆ, ಹತ್ತು ಐವತ್ತಕ್ಕೆ ಒಮ್ಮೆ ಅದನ್ನು ತೆರೆದು ಓದಿದ. ಕೊನೆಯ ಒಂಬತ್ತು ನಿಮಿಷ ಫೋನನ್ನು ಮೊಣಕಾಲ ಮೇಲೆ ಬೋರಲು ಹಾಕಿ ಅಂಗೈಯನ್ನು ಅದರ ಮೇಲಿಟ್ಟುಕೊಂಡಿದ್ದ. ನಾನೂ ಮಾತಾಡಲಿಲ್ಲ. ಹನ್ನೊಂದಾದಾಗ, "ಈಗ ನನಗೆ ಕಾಫಿ ಕೊಡಿಸಬಹುದು," ಎಂದ.

ಕೊಡಿಸಿದೆ. ಹಾಸ್ಟೆಲಿನವರೆಗೆ ಕಾರಿನಲ್ಲಿ ಬಿಟ್ಟೂ ಬಂದೆ.

ಮನೆ ತಲುಪಿ ತಂದೆಯವರಿಗೆ ಫೋನ್ ಮಾಡಿದಾಗ ಅಲ್ಲಿ ಬೆಳಿಗ್ಗೆ ಹತ್ತರ ಮೇಲಾಗಿತ್ತು. ಹುಬ್ಬಳ್ಳಿಯ ಪತ್ರದ ಮಾತೆತ್ತಿದೆ; ಹನ್ನೊಂದು ವರ್ಷಗಳಲ್ಲಿ ನಾವಿಬ್ಬರೂ ಅದನ್ನು ಎತ್ತಿರಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಬಳಿಕ, "ನಿನ್ನನ್ನ ಒಂದು ಮಾತು ಕೇಳಬೇಕಿತ್ತು ಕಣಪ್ಪ. ಮೇಷ್ಟರ ಮಗ ಡಿಗ್ರಿ ಬಿಟ್ಟ ಅಂತಾರಲ್ಲ ಅಂತ ಹೆದರಿಬಿಟ್ಟೆ," ಎಂದರು.

ಜೂನ್ 20ರ ರಾತ್ರಿ ಬ್ರೂಕ್ಲಿನ್‌ನಿಂದ ಬಂದ ನೇರ ಪ್ರಸಾರವನ್ನು ಅರವತ್ತನೆಯ ಹೆಸರಿನವರೆಗೂ ನೋಡಿದೆ. ಅವನ ಹೆಸರು ಬರಲಿಲ್ಲ. ಶರತ್ಕಾಲದಲ್ಲಿ ಜಿ ಲೀಗ್‌ನ ತಂಡವೊಂದು ಸೇರಿದ. ನಂತರ ಯುರೋಪಿಗೆ ಹೋಗಿ ಆಡತೊಡಗಿದ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂದಾಯಿತು, 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡತೊಡಗಿದವು. 2021ರಲ್ಲಿ 353ಕ್ಕೆ ಏರಿದ್ದ, ಅವಧಿಗೆ ಮುನ್ನ ಡ್ರಾಫ್ಟ್‌ಗೆ ಹೆಸರು ಕೊಡುವವರ ಸಂಖ್ಯೆ 2025ರಲ್ಲಿ 106ಕ್ಕೆ ಇಳಿಯಿತು. ಅವನು ಎರಡು ವರ್ಷ ತಡವಾಗಿ ಹುಟ್ಟಿದ್ದರೆ ನಮ್ಮ ಬೋರ್ಡಿನ ಲೆಕ್ಕವೇ ಬೇರೆಯಾಗಿರುತ್ತಿತ್ತು. ಒಮ್ಮೆ ಇದನ್ನು ಅವನಿಗೆ ಬರೆದೆ. ಉತ್ತರವಾಗಿ ಬಂದದ್ದು ಒಂದು ಚಿತ್ರ: ಯಾವುದೋ ಊರಿನ ಪುಟ್ಟ ಒಳಾಂಗಣ, ಪಂದ್ಯ ಮುಗಿದ ಮೇಲೆ ಬೆಂಚಿನ ಮೇಲೆ ಅವನು, ಎಡಮಂಡಿಯ ಮೇಲೆ ಮಂಜುಗಡ್ಡೆಯ ಚೀಲ, ಪಕ್ಕದಲ್ಲಿ ಮಗನ ಆಟ ನೋಡಲು ಮೊದಲ ಸಲ ವಿಮಾನ ಹತ್ತಿ ಬಂದಿದ್ದ ಅವನ ತಾಯಿ.