ನಿಮ್ಮ ಸಹಾಯವೇ ಬೇಡ ಎಂದ ಹುಡುಗ

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಕೂತು ಕಥೆ ಓದುತ್ತೇನೆ. ಅವರ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಒಳ್ಳೇದು ಮಾಡೋಕೆ ಹೋಗಿ ಎಲ್ಲ ಕೆಡಿಸಿಬಿಡೋ ನಾಯಕರ ಕಥೆನೇ ಯಾಕೆ ಓದಿಸ್ತೀರಿ? ಮಕ್ಕಳಿಗೆ ಸಹಾಯ ಮಾಡೋ ಮನಸ್ಸೇ ಹೋಗಲ್ವಾ?"

ಉತ್ತರ ಹೇಳಬೇಕೆಂದರೆ ಆಂಡ್ರೆಸ್‌ನ ಕಥೆ ಹೇಳಬೇಕು. ಸ್ಪೇನಿನ ಸೆರ್ವಾಂಟಿಸ್ 1605ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಲ್ಲಿ ಬರುವ ಕುರಿ ಕಾಯುವ ಹುಡುಗ ಅವನು. ಹದಿನೈದು ವರ್ಷ. ಕಥಾನಾಯಕ ಕ್ವಿಕ್ಸೋಟ್ ಹಳೇ ಕಥೆಗಳನ್ನು ಓದಿ ಓದಿ ತಾನೇ ಅನ್ಯಾಯ ಅಳಿಸುವ ವೀರ ಅಂದುಕೊಂಡು ಹೊರಟವನು. ಅವನು ಗಾಳಿಯಂತ್ರಗಳನ್ನು ರಾಕ್ಷಸರೆಂದುಕೊಂಡು ಅವುಗಳ ಮೇಲೆ ನುಗ್ಗಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ, 4ನೇ ಅಧ್ಯಾಯದಲ್ಲೇ, ಕಾಡಿನ ಕಡೆಯಿಂದ ಅವನಿಗೆ ಅಳು ಕೇಳಿಸುತ್ತದೆ. ಹುಡುಗನ ಅಂಗಿ ಬಿಚ್ಚಿ ಮರಕ್ಕೆ ಕಟ್ಟಿದ್ದಾರೆ. ಯಜಮಾನ ಬೆಲ್ಟಿನಿಂದ ಬಾರಿಸುತ್ತಿದ್ದಾನೆ. ದಿನಾ ಒಂದು ಕುರಿ ಕಳೆಯುತ್ತಾನೆ ಅಂತ ಯಜಮಾನನ ದೂರು. ಸಂಬಳ ಕೊಡದಿರೋಕೆ ಇದೊಂದು ನೆಪ ಅಂತ ಹುಡುಗ. ತಿಂಗಳಿಗೆ 7 ರಿಯಾಲ್‌ನಂತೆ (ಆಗಿನ ಸ್ಪೇನಿನ ನಾಣ್ಯ) 9 ತಿಂಗಳ ಸಂಬಳ ಬಾಕಿ.

ಕ್ವಿಕ್ಸೋಟ್ ಈಟಿ ತೋರಿಸಿ ಕಟ್ಟು ಬಿಚ್ಚಿಸುತ್ತಾನೆ. ಯಜಮಾನ, "ಇಲ್ಲಿ ದುಡ್ಡಿಲ್ಲ, ಮನೆಗೆ ಬಂದರೆ ಕೊಡ್ತೀನಿ" ಅನ್ನುತ್ತಾನೆ. ನಾನು ಪ್ರತಿ ಸಲ ಓದು ನಿಲ್ಲಿಸುವುದು ಇಲ್ಲೇ. ಯಾಕೆಂದರೆ ಹುಡುಗ ಬಾಯಿಬಿಟ್ಟು ಹೇಳುತ್ತಾನೆ: ಇವನ ಜೊತೆ ನಾನು ಹೋಗಲ್ಲ, ಒಬ್ಬನೇ ಸಿಕ್ಕರೆ ಚರ್ಮ ಸುಲಿಯುತ್ತಾನೆ. ಕ್ವಿಕ್ಸೋಟ್‌ಗೆ ಅದು ಕಿವಿಗೇ ಬೀಳುವುದಿಲ್ಲ. ಆಣೆ ಮಾಡಿದ್ದಾನಲ್ಲ, ಸಾಕು ಅಂತಾನೆ. ದೊಡ್ಡ ಅನ್ಯಾಯ ಸರಿಮಾಡಿದೆ ಎಂಬ ಖುಷಿಯಲ್ಲಿ ಕುದುರೆ ಏರಿ ಹೊರಟೇಬಿಡುತ್ತಾನೆ. ಅವನು ಕಣ್ಮರೆಯಾದದ್ದೇ ತಡ, ಯಜಮಾನ ಹುಡುಗನನ್ನು ಮತ್ತೆ ಅದೇ ಮರಕ್ಕೆ ಕಟ್ಟಿ ಜೀವ ಹೋಗುವ ಹಾಗೆ ಹೊಡೆಯುತ್ತಾನೆ.

31ನೇ ಅಧ್ಯಾಯದಲ್ಲಿ ಇಬ್ಬರೂ ಮತ್ತೆ ಎದುರಾಗುತ್ತಾರೆ. ನೀವು ನಿಮ್ಮ ಪಾಡಿಗೆ ಹೋಗಿದ್ದರೆ ಹತ್ತಿಪ್ಪತ್ತು ಏಟಿಗೆ ಮುಗಿಯುತ್ತಿತ್ತು, ಸಂಬಳವೂ ಸಿಗುತ್ತಿತ್ತು ಅನ್ನುತ್ತಾನೆ ಹುಡುಗ. ಇನ್ನು ಮುಂದೆ ನನ್ನನ್ನು ತುಂಡು ತುಂಡು ಮಾಡುತ್ತಿದ್ದರೂ ಬಿಡಿಸೋಕೆ ಬರಬೇಡಿ ಅಂತ ಶಪಿಸಿ ಹೋಗುತ್ತಾನೆ. ತಾನು ಅಲ್ಲಿಂದ ಹೊರಟಿದ್ದೇ ತಪ್ಪಾಯಿತು ಅಂತ ಕ್ವಿಕ್ಸೋಟ್ ಒಪ್ಪಿಕೊಳ್ಳುತ್ತಾನೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಮಾತಿನಿಂದ.

ನಮ್ಮಲ್ಲೂ ಇಂಥವನಿದ್ದಾನೆ. ಅನಂತಮೂರ್ತಿಯವರ ‘ಭಾರತೀಪುರ’ ಕಾದಂಬರಿಯ (1973) ಜಗನ್ನಾಥ, ಮೇಲ್ಜಾತಿಯ ಜಮೀನ್ದಾರ. ದೇವರ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ದಲಿತ ಹುಡುಗರಿಗೆ ಮುಟ್ಟಿ ಅನ್ನುತ್ತಾನೆ. ಅವರು ಹೆದರಿ ಹಿಂಜರಿದಾಗ ರೇಗುತ್ತಾನೆ. ಕೊನೆಗೆ ಅವರು ಮುಟ್ಟುವುದು ಬಿಡುಗಡೆಗಲ್ಲ, ಅವನ ಸಿಟ್ಟಿಗೆ ಹೆದರಿ. ಓದುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಯಾಕೆಂದರೆ ನಾನೂ ಹಾಗೆ ಮಾಡಿದ್ದೇನೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಹನ್ನೊಂದು ಹನ್ನೆರಡರ ಹುಡುಗನೊಬ್ಬ ಲೋಟ ತೊಳೆಯುತ್ತಿದ್ದ. ನೀರಲ್ಲಿ ನೆನೆದು ಬೆರಳ ತುದಿ ಬೆಳ್ಳಗಾಗಿತ್ತು. ಗಿರಾಕಿಗಳ ಎದುರೇ ಮಾಲೀಕರನ್ನು ತರಾಟೆಗೆ ತೆಗೆದುಕೊಂಡೆ. "ನಾಳೆಯಿಂದ ಸ್ಕೂಲಿಗೆ ಕಳಿಸ್ತೀನಿ ಮೇಡಂ" ಅಂದರು. ನಂಬಿ ಬಸ್ ಹತ್ತಿದೆ. ಮುಂದಿನ ವಾರ ಹೋದರೆ ಹುಡುಗ ಇಲ್ಲ. ಎಲ್ಲಿಗೆ ಕಳಿಸಿದರೋ ಯಾರೂ ಹೇಳಲಿಲ್ಲ. ಮಕ್ಕಳ ಸಹಾಯವಾಣಿ 1098 ನನಗೆ ಗೊತ್ತಿತ್ತು, ಫೋನ್ ಮಾಡಿರಲಿಲ್ಲ. ಹುಡುಗನ ಹೆಸರನ್ನೂ ಕೇಳಿರಲಿಲ್ಲ.

ಹಾಗಾಗಿ ಆ ಅಧ್ಯಾಯ ಮುಗಿದ ಮೇಲೆ ಮಕ್ಕಳನ್ನು ಕೇಳುತ್ತೇನೆ: ಕ್ವಿಕ್ಸೋಟ್ ಏನು ಮಾಡಬೇಕಿತ್ತು? ಸಂಬಳ ಎಣಿಸಿ ಕೊಡೋವರೆಗೂ ಅಲ್ಲೇ ನಿಲ್ಲಬೇಕಿತ್ತು ಅನ್ನುತ್ತಾರೆ. ಒಬ್ಬಳು, "ಆಂಡ್ರೆಸ್‌ನನ್ನ ತನ್ನ ಕುದುರೆ ಮೇಲೆ ಕೂರಿಸ್ಕೊಂಡು ಹೋಗಬೇಕಿತ್ತು" ಅಂದಳು. ಸುಮ್ನೆ ತನ್ನ ದಾರಿ ಹಿಡಿದು ಹೋಗಬೇಕಿತ್ತು ಅಂತ ಇದುವರೆಗೆ ಒಂದು ಮಗುವೂ ಹೇಳಿಲ್ಲ.